ಗುಂಪೇ ಕೋಟೆ: ಹದಿನೇಳು ವರ್ಷದ ಜೀರುಂಡೆಗಳು

2021ರ ಜೂನ್ ತಿಂಗಳು. ಅಮೆರಿಕದ ಅಧ್ಯಕ್ಷ ಜೋ ಬೈಡನ್ ಜಿ-7 ಶೃಂಗಸಭೆಗೆಂದು ಬ್ರಿಟನ್ನಿಗೆ ಹೊರಟಿದ್ದರು. ಅವರ ಪ್ರವಾಸದ ವರದಿಗೆ ಹೋಗಬೇಕಿದ್ದ ಪತ್ರಕರ್ತರ ವಿಮಾನ ಮಾತ್ರ ವಾಷಿಂಗ್ಟನ್ ಹತ್ತಿರದ ಡಲ್ಲಸ್ ನಿಲ್ದಾಣದಲ್ಲಿ ತಾಸುಗಟ್ಟಲೆ ನಿಂತುಬಿಟ್ಟಿತು. ಮಂಜಿರಲಿಲ್ಲ, ಬಿರುಗಾಳಿಯೂ ಇರಲಿಲ್ಲ. ವಿಮಾನದ ಯಂತ್ರದೊಳಗೆ ಜೀರುಂಡೆಗಳು ತುಂಬಿಕೊಂಡಿದ್ದವು. ಕೊನೆಗೆ ಬೇರೆ ವಿಮಾನ ತರಿಸಬೇಕಾಯಿತು. ಮರುದಿನ ವಿಮಾನ ಹತ್ತುವ ಮುಂಚೆ ಅಧ್ಯಕ್ಷರ ಕುತ್ತಿಗೆಯ ಮೇಲೂ ಒಂದು ಬಂದು ಕೂತಿತು. ಅವರು ಅದನ್ನು ಕೊಡವಿಕೊಂಡ ದೃಶ್ಯ ಜಗತ್ತೆಲ್ಲ ಸುತ್ತಿತು.

ಆ ಜೀರುಂಡೆಗಳು ಮೊಟ್ಟೆಯೊಡೆದು ನೆಲಕ್ಕಿಳಿದದ್ದು 2004ರ ಬೇಸಿಗೆಯಲ್ಲಿ. ಆಗ ಶ್ವೇತಭವನದಲ್ಲಿ ಜಾರ್ಜ್ ಬುಷ್ ಇದ್ದರು, ಐಫೋನ್ ಇನ್ನೂ ಹುಟ್ಟಿರಲಿಲ್ಲ. ಅಲ್ಲಿಂದ ಹದಿನೇಳು ವರ್ಷ ಅವು ಮರಗಳ ಬೇರಿಗೆ ಬಾಯಿಟ್ಟು ಕತ್ತಲಲ್ಲೇ ಬೆಳೆದವು. 2021ರ ಮೇ ತಿಂಗಳಲ್ಲಿ ಮೇರಿಲ್ಯಾಂಡ್, ವರ್ಜೀನಿಯಾ, ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾ ರಾಜ್ಯಗಳಲ್ಲಿ ಎಣಿಕೆಗೆ ಸಿಗದಷ್ಟು ಸಂಖ್ಯೆಯಲ್ಲಿ ಮೇಲೆದ್ದವು. ಜುಲೈ ಹೊತ್ತಿಗೆ ಎಲ್ಲವೂ ಸತ್ತಿದ್ದವು. ಅವುಗಳ ಮಕ್ಕಳು ಮತ್ತೆ ಮಣ್ಣು ಸೇರಿವೆ. ಅವು ಹೊರಬರುವುದು 2038ರಲ್ಲಿ.

ನಮ್ಮ ಮಲೆನಾಡಿನಲ್ಲಿ ಜೀರುಂಡೆಯ ಕೂಗಿಲ್ಲದ ವರ್ಷವಿಲ್ಲ. ಇಲ್ಲಿಯ ಮರಿಗಳೂ ಮಣ್ಣೊಳಗೇ ಬೆಳೆಯುತ್ತವೆ. ಆದರೆ ಒಂದು ತಲೆಮಾರು ಈ ವರ್ಷ ಹೊರಬಂದರೆ ಇನ್ನೊಂದು ಬರುವ ವರ್ಷ ಬರುತ್ತದೆ, ಹಾಗಾಗಿ ಕಾಡು ಸುಮ್ಮನಾಗುವುದಿಲ್ಲ. ಜಗತ್ತಿನಲ್ಲಿ ಗುರುತಿಸಲಾದ ಮೂರು ಸಾವಿರಕ್ಕೂ ಹೆಚ್ಚು ಜಾತಿಯ ಸಿಕಾಡ ಕೀಟಗಳಲ್ಲಿ ಬಹುಪಾಲಿನ ರೀತಿ ಇದೇ. ಉತ್ತರ ಅಮೆರಿಕದ ಪೂರ್ವಾರ್ಧದಲ್ಲಿ ಮಾತ್ರ ಕಾಣುವ ಮ್ಯಾಜಿಸಿಕಾಡ ಕುಲದ ಏಳು ಜಾತಿಗಳು ಬೇರೆ ದಾರಿ ಹಿಡಿದವು. ಮೂರು ಜಾತಿಗಳಿಗೆ ಹದಿನೇಳು ವರ್ಷ, ನಾಲ್ಕಕ್ಕೆ ಹದಿಮೂರು ವರ್ಷ. ಒಂದು ಊರಿನಲ್ಲಿರುವವೆಲ್ಲ ಒಂದೇ ವಯಸ್ಸಿನವು, ಒಂದೇ ಬೇಸಿಗೆಯಲ್ಲಿ ಹೊರಬರುವವು. ಕಚ್ಚಲು ಹಲ್ಲಿಲ್ಲದ, ಕುಟುಕಲು ಕೊಂಡಿಯಿಲ್ಲದ ಈ ಜೀವಿಯನ್ನು ಲಕ್ಷಾಂತರ ವರ್ಷ ಕಾಪಾಡಿದ್ದು ಅದರ ಸಂಖ್ಯೆಯೊಂದೇ. ಆ ಸಂಖ್ಯೆ ಎಷ್ಟು ಗಟ್ಟಿ ಕೋಟೆಯೋ, ಒಂದು ಮಿತಿಗಿಂತ ಕೆಳಗಿಳಿದರೆ ಅಷ್ಟೇ ಬೇಗ ಕುಸಿಯುವ ಕೋಟೆ ಕೂಡ.

ಬೇರಿನ ಬುಡದ ಬಾಳು

ಮೊಟ್ಟೆಯಿಂದ ಬರುವ ಮರಿ ಇರುವೆಯಷ್ಟು ಚಿಕ್ಕದು, ಬಿಳಿ ಬಣ್ಣದ್ದು. ಮರದ ಕೊನೆಯ ರೆಂಬೆಯಿಂದ ಉದುರಿ, ಮಣ್ಣಿನ ಬಿರುಕು ಹುಡುಕಿ ಒಳಗಿಳಿಯುತ್ತದೆ. ಮೊದಲು ಹುಲ್ಲಿನ ಬೇರಾದರೂ ಸರಿ, ಆಮೇಲೆ ಮರದ ಬೇರು. ಸಾಮಾನ್ಯವಾಗಿ ಅರ್ಧ ಅಡಿಯಿಂದ ಎರಡು ಅಡಿ ಆಳದೊಳಗೆ ಇದರ ವಾಸ. ಸೂಜಿಯಂಥ ಬಾಯಿಯನ್ನು ಬೇರಿಗೆ ಚುಚ್ಚಿ, ನೆಲದಿಂದ ಎಲೆಗೆ ನೀರು ಸಾಗಿಸುವ ನಾಳದ ರಸ ಹೀರುತ್ತದೆ.

ಆ ರಸದಲ್ಲಿ ಹೆಚ್ಚು ಕಡಿಮೆ ಬರೀ ನೀರು. ಮೈ ಬೆಳೆಯಲು ಬೇಕಾದ ಅಮೈನೊ ಆಮ್ಲಗಳು ಅದರಲ್ಲಿ ತೀರಾ ಕಡಿಮೆ. ಈ ಕೊರತೆಯನ್ನು ತುಂಬುವುದು ಜೀರುಂಡೆಯ ಹೊಟ್ಟೆಯೊಳಗೆ ತಲೆತಲಾಂತರದಿಂದ ನೆಲೆಸಿರುವ ಸಲ್ಸಿಯಾ ಮತ್ತು ಹಾಡ್ಜ್‌ಕಿನಿಯಾ ಎಂಬ ಬ್ಯಾಕ್ಟೀರಿಯಾಗಳು. ತಾಯಿಯಿಂದ ಮೊಟ್ಟೆಯ ಮೂಲಕವೇ ಇವು ಮರಿಗೆ ದಾಟಿಬರುತ್ತವೆ. ಇಷ್ಟು ಬಡ ಆಹಾರದಲ್ಲಿ ಬೆಳವಣಿಗೆ ನಿಧಾನವಾಗದೆ ಬೇರೆ ದಾರಿಯಿಲ್ಲ. ಮರಿ ಐದು ಹಂತಗಳಲ್ಲಿ ಬೆಳೆಯುತ್ತದೆ, ಪ್ರತಿ ಹಂತಕ್ಕೂ ಒಮ್ಮೆ ಪೊರೆ ಬಿಡುತ್ತದೆ. ಎಲ್ಲವೂ ಒಂದೇ ವೇಗದಲ್ಲಿ ಬೆಳೆಯುವುದೂ ಇಲ್ಲ. ಒಳ್ಳೆಯ ಬೇರು ಸಿಕ್ಕವು ಬೇಗನೆ ಐದನೆಯ ಹಂತ ಮುಟ್ಟುತ್ತವೆ. ಆದರೆ ಮೈ ತುಂಬಿತೆಂದು ಹೊರಬರುವುದಿಲ್ಲ. ಹಿಂದುಳಿದವು ಬೆಳೆಯುವವರೆಗೂ, ಹದಿನೇಳನೆಯ ವಸಂತದವರೆಗೂ ಕಾಯುತ್ತವೆ.

ಮಣ್ಣೊಳಗೆ ಹಗಲಿಲ್ಲ, ಇರುಳಿಲ್ಲ. ಹಾಗಿದ್ದರೆ ವರ್ಷ ಎಣಿಸುವುದು ಹೇಗೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ರಿಚರ್ಡ್ ಕಾರ್ಬನ್ ಮತ್ತು ಸಂಗಡಿಗರು ಇದಕ್ಕೆ ಒಂದು ಜಾಣ ಪ್ರಯೋಗ ಮಾಡಿದರು. ಹದಿನೈದು ವರ್ಷ ತುಂಬಿದ ಮರಿಗಳನ್ನು ತಂದು ಪೀಚ್ ಗಿಡಗಳ ಬೇರಿಗೆ ಬಿಟ್ಟರು. ಕೆಲವು ಗಿಡಗಳು ಒಂದೇ ವರ್ಷದಲ್ಲಿ ಎರಡು ಸಲ ಚಿಗುರುವಂತೆ ನೋಡಿಕೊಂಡರು. ಆ ಗಿಡಗಳ ಕೆಳಗಿದ್ದ ಜೀರುಂಡೆಗಳು ಒಂದು ವರ್ಷ ಮೊದಲೇ ಹೊರಬಂದವು! 2000ನೇ ಇಸವಿಯಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ಒಂದು ಮಾತು ಸ್ಪಷ್ಟವಾಯಿತು: ಜೀರುಂಡೆ ಎಣಿಸುವುದು ಕ್ಯಾಲೆಂಡರನ್ನಲ್ಲ, ಮರದ ಋತುಗಳನ್ನು. ಚಳಿಗಾಲ ಕಳೆದು ಮರ ಚಿಗುರುವಾಗ ಬೇರಿನ ರಸ ಬದಲಾಗುತ್ತದೆ. ಆ ಬದಲಾವಣೆಯೇ ಮಣ್ಣೊಳಗಿನ ಯುಗಾದಿ. ಹದಿನೇಳು ಯುಗಾದಿಗಳ ಮೊತ್ತವನ್ನು ಅದರ ಮೈ ಎಲ್ಲಿ ಬರೆದಿಟ್ಟುಕೊಳ್ಳುತ್ತದೆ ಎಂಬುದು ಇನ್ನೂ ಬಿಡಿಸಬೇಕಾದ ಒಗಟು.

ಒಂದೇ ವಾರದಲ್ಲಿ ಏಳುವ ಸೇನೆ

ಕೊನೆಯ ವರ್ಷ ಮರಿಗಳು ನೆಲದ ಮೇಲ್ಪದರಕ್ಕೆ ಸುರಂಗ ಕೊರೆದು ಸಿದ್ಧವಾಗಿ ಕೂರುತ್ತವೆ. ಮಣ್ಣು ತೇವವಾಗಿದ್ದ ಕಡೆ ಸುರಂಗದ ಬಾಯಿಗೆ ಹಸಿಮಣ್ಣಿನ ಪುಟ್ಟ ಗೋಪುರ ಕಟ್ಟುವುದೂ ಉಂಟು. ಆಮೇಲೆ ಕಾಯುವುದು ಬಿಸಿಗಾಗಿ. ಸುಮಾರು 20 ಸೆಂಟಿಮೀಟರ್ ಆಳದಲ್ಲಿ ಮಣ್ಣಿನ ಉಷ್ಣತೆ 18 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಮೇಲೊಂದು ಹದವಾದ ಮಳೆ ಬಿದ್ದರೆ, ಅಂದು ಸೂರ್ಯ ಮುಳುಗುತ್ತಲೇ ನೆಲ ಅಲುಗಾಡತೊಡಗುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಇದು ಏಪ್ರಿಲ್ ಕೊನೆಗೆ, ಉತ್ತರದಲ್ಲಿ ಮೇ ಕೊನೆಗೆ ಅಥವಾ ಜೂನ್ ಆರಂಭಕ್ಕೆ.

ಕತ್ತಲಲ್ಲಿ ಹೊರಬಂದ ಮರಿ ಸಿಕ್ಕಿದ ಮರ, ಕಂಬ, ಗೋಡೆ ಹತ್ತುತ್ತದೆ. ಬೆನ್ನು ಸೀಳುತ್ತದೆ, ಹಾಲುಬಿಳುಪಿನ ಮೆತ್ತನೆಯ ಜೀವ ಹೊರಗೆ ಜಾರುತ್ತದೆ. ಬೆಳಗಾಗುವುದರೊಳಗೆ ಮೈ ಕಪ್ಪಾಗಿ ಗಟ್ಟಿಯಾಗಿ, ರೆಕ್ಕೆಯ ನರಗಳು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತವೆ. ಕಣ್ಣು ಮಾತ್ರ ಕೆಂಡಗೆಂಪು. ಖಾಲಿ ಪೊರೆಗಳು ಮರದ ಬುಡದಲ್ಲಿ ರಾಶಿ ಬೀಳುತ್ತವೆ.

ಸಂಖ್ಯೆ ಎಷ್ಟು? 1956ರಲ್ಲಿ ಷಿಕಾಗೊ ಹೊರವಲಯದ ಕಾಡೊಂದರಲ್ಲಿ ವಿಜ್ಞಾನಿಗಳಾದ ಹೆನ್ರಿ ಡೈಬಾಸ್ ಮತ್ತು ಡ್ವೈಟ್ ಡೇವಿಸ್ ನೆಲದ ಮೇಲಿನ ತೂತುಗಳನ್ನು ಎಣಿಸಿ ಲೆಕ್ಕ ಹಾಕಿದರು. ಹೊಳೆಯಂಚಿನ ತಗ್ಗು ನೆಲದಲ್ಲಿ ಅವರಿಗೆ ಸಿಕ್ಕ ಅಂದಾಜು ಎಕರೆಗೆ ಸುಮಾರು 15 ಲಕ್ಷ. ಅಂದರೆ ಒಂದು ಚದರ ಮೀಟರ್ ಜಾಗದಿಂದ 350ಕ್ಕೂ ಹೆಚ್ಚು ಜೀರುಂಡೆಗಳು.

ನಾಲ್ಕೈದು ದಿನ ಮೈ ಬಲಿತ ಮೇಲೆ ಗಂಡುಗಳ ಗಾಯನ ಶುರು. ಹೊಟ್ಟೆಯ ಎರಡು ಬದಿಗೆ ಇರುವ ಪಕ್ಕೆಲುಬಿನಂಥ ತೆಳು ಪೊರೆಗಳನ್ನು ಸ್ನಾಯುವಿನಿಂದ ಒಳಕ್ಕೆಳೆದು ಬಿಡುವುದರಿಂದ ಸದ್ದು ಹುಟ್ಟುತ್ತದೆ. ಟೊಳ್ಳು ಹೊಟ್ಟೆ ಅದನ್ನು ಹಿಗ್ಗಿಸುತ್ತದೆ. ಸಾವಿರಾರು ಗಂಡುಗಳು ಒಂದೇ ಮರದಲ್ಲಿ ಸೇರಿ ಕೂಗಿದಾಗ ಹತ್ತಿರದಲ್ಲಿ 90ರಿಂದ 100 ಡೆಸಿಬೆಲ್ ಸದ್ದು ದಾಖಲಾಗುತ್ತದೆ. 2024ರ ಏಪ್ರಿಲ್‌ನಲ್ಲಿ ದಕ್ಷಿಣ ಕೆರೊಲಿನಾದ ನ್ಯೂಬೆರಿ ಕೌಂಟಿಯಲ್ಲಿ ಜನ ಎಲ್ಲೋ ಸೈರನ್ ಕೂಗುತ್ತಿದೆ ಎಂದು ಗಾಬರಿಯಾಗಿ ಪೊಲೀಸರಿಗೆ ಫೋನ್ ಮಾಡಿದ್ದರು. ಹೆಣ್ಣಿಗೆ ಕೂಗುವ ಅಂಗವಿಲ್ಲ. ಗಂಡಿನ ಹಾಡು ಮುಗಿದ ಕ್ಷಣಕ್ಕೆ ಸರಿಯಾಗಿ ಒಮ್ಮೆ ರೆಕ್ಕೆ ಚಿಟುಕಿಸಿದರೆ ಅದೇ ಒಪ್ಪಿಗೆ.

ಕೂಡಿದ ಹೆಣ್ಣು ಪೆನ್ಸಿಲ್ ದಪ್ಪದ ಎಳೆಯ ರೆಂಬೆಗಳನ್ನು ಸೀಳಿ, ಒಂದೊಂದು ಸೀಳಿನಲ್ಲಿ ಇಪ್ಪತ್ತರ ಆಸುಪಾಸು ಮೊಟ್ಟೆ ತುಂಬುತ್ತ ಹೋಗುತ್ತದೆ. ಒಟ್ಟು ನಾನೂರರಿಂದ ಆರುನೂರು. ಆರರಿಂದ ಹತ್ತು ವಾರಕ್ಕೆ ಮೊಟ್ಟೆಯೊಡೆಯುವ ಹೊತ್ತಿಗೆ ಅಪ್ಪ ಅಮ್ಮ ಯಾರೂ ಇರುವುದಿಲ್ಲ.

ಲೆಕ್ಕವಿಟ್ಟ ಮನುಷ್ಯರು

ಈ ಲಯವನ್ನು ಮೊದಲು ಬಲ್ಲವರು ಆ ನೆಲದ ಮೂಲನಿವಾಸಿಗಳು. ನ್ಯೂಯಾರ್ಕ್ ರಾಜ್ಯದ ಒನೊಂಡಾಗ ಜನರ ನೆನಪಿನಲ್ಲಿ ಜೀರುಂಡೆಗಳಿಗೆ ಅನ್ನದ ಸ್ಥಾನವಿದೆ. 1779ರಲ್ಲಿ, ಸ್ವಾತಂತ್ರ್ಯ ಯುದ್ಧದ ನಡುವೆ, ಅಮೆರಿಕದ ಸೈನ್ಯ ಅವರ ಊರುಗಳನ್ನು ಸುಟ್ಟು ಬೆಳೆ ಹಾಳುಗೆಡವಿತು. ಆ ಹಸಿವಿನ ಕಾಲದಲ್ಲಿ ನೆಲದಿಂದ ಎದ್ದು ಬಂದ ಜೀರುಂಡೆಗಳು ತಮ್ಮ ಹಿರಿಯರ ಜೀವ ಉಳಿಸಿದವು ಎಂದು ಅವರು ಇಂದಿಗೂ ಹೇಳುತ್ತಾರೆ. ಅವು ಬಂದ ವರ್ಷ ಹಿಡಿದು, ಹುರಿದು ತಿನ್ನುತ್ತಾರೆ.

ಯುರೋಪಿನಿಂದ ಬಂದು ನೆಲೆಸಿದವರು ಮಾತ್ರ ಇವನ್ನು ಮಿಡತೆ ಹಿಂಡು ಎಂದೇ ತಿಳಿದು ಹೆದರಿದರು. ಮಿಡತೆಗೂ ಇದಕ್ಕೂ ಸಂಬಂಧವಿಲ್ಲ, ಇದು ಪೈರು ಮೇಯುವ ಹುಳುವೇ ಅಲ್ಲ. 1749ರಲ್ಲಿ ಫಿಲಡೆಲ್ಫಿಯಾ ಸುತ್ತ ಇದ್ದ ಸ್ವೀಡನ್ನಿನ ನಿಸರ್ಗ ವಿಜ್ಞಾನಿ ಪೆಹ್ರ್ ಕಾಲ್ಮ್ ಇವು ಹದಿನೇಳು ವರ್ಷಕ್ಕೊಮ್ಮೆ ಬರುತ್ತವೆ ಎಂದು ದಾಖಲಿಸಿದ. ಅವನ ಗುರು ಲಿನೇಯಸ್ 1758ರಲ್ಲಿ ಅದಕ್ಕೆ ಇಟ್ಟ ಹೆಸರಿನಲ್ಲೇ ಹದಿನೇಳರ ಅಂಕೆಯಿದೆ: ಸೆಪ್ಟೆಂಡೆಸಿಮ್.

ಅದೇ 1749ರಲ್ಲಿ ಮೇರಿಲ್ಯಾಂಡಿನ ಹೊಲವೊಂದರಲ್ಲಿ ಬೆಂಜಮಿನ್ ಬ್ಯಾನೆಕರ್ ಎಂಬ ಹುಡುಗ ಇದೇ ಹುಳುಗಳನ್ನು ಕಂಡ. ಗುಲಾಮಗಿರಿಯಿದ್ದ ಕಾಲದಲ್ಲಿ ಸ್ವತಂತ್ರನಾಗಿ ಹುಟ್ಟಿದ ಕಪ್ಪು ಜನಾಂಗದವನು. ಮುಂದೆ ಪಂಚಾಂಗಗಳನ್ನು ರಚಿಸಿ ಹೆಸರಾದವನು. ಆಗ ಅವನಿಗೂ ಹದಿನೇಳೇ ವರ್ಷ. ಬೆಳೆ ಹಾಳಾಗುತ್ತದೆಂದು ಹೆದರಿ ಕೊಲ್ಲಲು ಹೊರಟು, ಆಗದೆಂದು ಕೈಬಿಟ್ಟ. ಮತ್ತೆ 1766, 1783ರಲ್ಲಿ ನೋಡಿದ. 1800ರಲ್ಲಿ ಬರುತ್ತವೆಂದು ಮುಂಚಿತವಾಗಿ ಹೇಳಿದ, ಬಂದವು. ಒಬ್ಬ ರೈತ ತನ್ನ ಹೊಲದಂಚಿನಲ್ಲಿ ನಿಂತು ಅರ್ಧ ಶತಮಾನ ಇಟ್ಟ ಈ ಲೆಕ್ಕ ವಿಜ್ಞಾನದ ಇತಿಹಾಸದಲ್ಲಿ ದೊಡ್ಡ ಗೌರವಕ್ಕೆ ಅರ್ಹ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಕೃಷಿ ಇಲಾಖೆಯ ಚಾರ್ಲ್ಸ್ ಮಾರ್ಲಟ್, ಒಂದೇ ವರ್ಷ ಹೊರಬರುವ ಗುಂಪುಗಳಿಗೆಲ್ಲ 'ಬ್ರೂಡ್' ಎಂದು ಸಂಖ್ಯೆ ಕೊಟ್ಟ. ಇಂದು ಉಳಿದಿರುವುದು ಹದಿನೈದು ಬ್ರೂಡ್‌ಗಳು: ಹದಿನೇಳು ವರ್ಷದ ಹನ್ನೆರಡು, ಹದಿಮೂರು ವರ್ಷದ ಮೂರು. ಬೈಡನ್ ಕಂಡದ್ದೂ, ಕಾಲ್ಮ್ ಮತ್ತು ಬ್ಯಾನೆಕರ್ ಕಂಡದ್ದೂ ಒಂದೇ, 10ನೇ ಬ್ರೂಡ್. 2024ರಲ್ಲಿ 13ನೇ ಮತ್ತು 19ನೇ ಬ್ರೂಡ್‌ಗಳು ಒಟ್ಟಿಗೆ ಎದ್ದವು. ಮೊದಲನೆಯದು ಹದಿನೇಳು ವರ್ಷದ್ದು, ಎರಡನೆಯದು ಹದಿಮೂರರದ್ದು. ಹದಿಮೂರು ಹದಿನೇಳಲಿ ಇನ್ನೂರ ಇಪ್ಪತ್ತೊಂದು; ಹಿಂದೆ ಅವೆರಡೂ ಜೊತೆಯಾದದ್ದು 1803ರಲ್ಲಿ, ಮತ್ತೆ ಜೊತೆಯಾಗುವುದು 2245ರಲ್ಲಿ.

ತಿಂದು ತೀರದಷ್ಟು

ಈ ಹುಳುಗಳಿಗೆ ಹೆದರಿಕೆಯೇ ಇಲ್ಲ. ಕೈಯಿಟ್ಟರೆ ಹಾರುವುದಿಲ್ಲ, ಅಡಗುವುದಿಲ್ಲ. ಹಕ್ಕಿ, ಅಳಿಲು, ನಾಯಿ, ಆಮೆ, ಮೀನು, ಹಾವು ಎಲ್ಲವೂ ತಿನ್ನುತ್ತವೆ. ಮೊದಲ ದಿನಗಳಲ್ಲಿ ಸಿಕ್ಕಿದ್ದೆಲ್ಲ ತಿಂದ ಹಕ್ಕಿಗಳು ಆಮೇಲೆ ಹೊಟ್ಟೆ ತುಂಬಿ ಸುಮ್ಮನೆ ಕೂರುತ್ತವೆ. ಉಳಿದ ಬಹುಪಾಲು ಜೀರುಂಡೆಗಳು ನಿರಾತಂಕವಾಗಿ ಹಾಡುತ್ತವೆ, ಮೊಟ್ಟೆಯಿಡುತ್ತವೆ. ಹಕ್ಕಿಗಳಿಗೆ ಮುಂದಿನ ಹದಿನೇಳು ವರ್ಷ ಈ ಊಟವೇ ಇಲ್ಲ. ಹಾಗಾಗಿ ಇದನ್ನೇ ನಂಬಿ ತನ್ನ ಸಂತತಿ ಹೆಚ್ಚಿಸಿಕೊಳ್ಳಲು ಯಾವ ಹಕ್ಕಿಗೂ ಸಾಧ್ಯವಿಲ್ಲ.

ಈ ಉಪಾಯ ಪಶ್ಚಿಮ ಘಟ್ಟದಲ್ಲೂ ಉಂಟು. ನಮ್ಮ ಹೆಬ್ಬಿದಿರು ನಾಲ್ಕೈದು ದಶಕ ಸುಮ್ಮನಿದ್ದು, ಒಂದು ಪ್ರದೇಶದ ಮೆಳೆಗಳೆಲ್ಲ ಒಟ್ಟಿಗೆ ಹೂಬಿಟ್ಟು, ಬಿದಿರಕ್ಕಿಯನ್ನು ನೆಲ ತುಂಬ ಸುರಿದು ಸಾಯುವುದನ್ನು ಕಾಡಂಚಿನ ಜನ ನೋಡಿದ್ದಾರೆ. ಇಲಿ, ಕಾಡುಕೋಳಿ ಎಷ್ಟು ತಿಂದರೂ ಮೊಳೆಯಲು ಕಾಳು ಮಿಗುತ್ತದೆ. ಪರಿಸರ ವಿಜ್ಞಾನಿ ಡೇನಿಯಲ್ ಜಾನ್‌ಜೆನ್ 1976ರಲ್ಲಿ ಬಿದಿರಿನ ಈ ದೀರ್ಘ ಕಾಯುವಿಕೆಗೆ ಕೊಟ್ಟ ವಿವರಣೆಯೂ ಇದೇ, ತಿನ್ನುವವರನ್ನು ತಣಿಸಿ ಉಳಿಯುವುದು.

ಆದರೆ ಹದಿಮೂರು, ಹದಿನೇಳೇ ಏಕೆ? ಎರಡೂ ಅವಿಭಾಜ್ಯ ಸಂಖ್ಯೆಗಳು. ಹನ್ನೆರಡು ವರ್ಷಕ್ಕೊಮ್ಮೆ ಬಂದರೆ ಎರಡು, ಮೂರು, ನಾಲ್ಕು, ಆರು ವರ್ಷಗಳ ಆವರ್ತವಿರುವ ಯಾವ ಶತ್ರುವೂ ಪ್ರತಿ ಸಲ ಎದುರಾಗಬಹುದು. ಹದಿನೇಳು ವರ್ಷಕ್ಕೊಮ್ಮೆ ಬರುವುದಕ್ಕೆ ಐದು ವರ್ಷದ ಆವರ್ತದ ಶತ್ರು ಎದುರಾಗುವುದು ಎಂಬತ್ತೈದು ವರ್ಷಕ್ಕೊಮ್ಮೆ. ಜೀವವಿಕಾಸ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ತಮ್ಮ ಬರಹದಿಂದ ಈ ವಾದವನ್ನು ಜನಪ್ರಿಯಗೊಳಿಸಿದರು. ಜಪಾನಿನ ವಿಜ್ಞಾನಿ ಜಿನ್ ಯೊಶಿಮುರಾ 1997ರಲ್ಲಿ ಬೇರೆ ವಾದ ಮುಂದಿಟ್ಟರು: ಹಿಮಯುಗದ ಚಳಿಯಲ್ಲಿ ಬೆಳವಣಿಗೆ ನಿಧಾನವಾಗಿ ಆವರ್ತಗಳು ಉದ್ದವಾದವು, ಬೇರೆ ಬೇರೆ ಆವರ್ತದ ಗುಂಪುಗಳು ಬೆರೆತರೆ ಮರಿಗಳ ಗಡಿಯಾರ ಕೆಡುತ್ತದೆ, ಅವಿಭಾಜ್ಯ ಸಂಖ್ಯೆಯವು ಅತಿ ಕಡಿಮೆ ಬೆರೆಯುವುದರಿಂದ ಅವೇ ಉಳಿದವು.

ಎರಡೂ ವಾದಗಳು ಸೊಗಸಾಗಿವೆ. ಆದರೆ ಮೇಘಾಲಯದ ರಿ ಭೋಯ್ ಜಿಲ್ಲೆಯ ಸೈಡೆನ್ ಸುತ್ತಲಿನ ಕಾಡಿನಲ್ಲಿ ಕ್ರೆಮಿಸ್ಟಿಕಾ ರಿಭೋಯ್ ಎಂಬ ಜೀರುಂಡೆ ನಾಲ್ಕು ವರ್ಷಕ್ಕೊಮ್ಮೆ, ಫುಟ್‌ಬಾಲ್ ವಿಶ್ವಕಪ್ ನಡೆಯುವ ವರ್ಷಗಳಲ್ಲಿ, ಒಟ್ಟಾಗಿ ಏಳುತ್ತದೆ. ಸ್ಥಳೀಯರು ಅದನ್ನು ರಾತ್ರಿ ದೊಂದಿ ಹಿಡಿದು ಹೋಗಿ ಆರಿಸಿ ತಂದು ತಿನ್ನುತ್ತಾರೆ. ಫಿಜಿ ದ್ವೀಪದ ನನಾಯ್ ಎಂಬ ಜೀರುಂಡೆಗೆ ಎಂಟು ವರ್ಷ. ನಾಲ್ಕೂ ಅವಿಭಾಜ್ಯವಲ್ಲ, ಎಂಟೂ ಅಲ್ಲ. ಹಾಗಾಗಿ ಸಂಖ್ಯೆಯ ಗಣಿತ ಆಮೇಲಿನ ಮಾತು. ಮೊದಲ ಮಾತು ಒಟ್ಟಾಗಿ ಬರುವುದು.

ಈ ಕೋಟೆಗೆ ಒಬ್ಬ ಒಳಶತ್ರು ಇದ್ದಾನೆ, ಮ್ಯಾಸೊಸ್ಪೊರ ಎಂಬ ಶಿಲೀಂಧ್ರ. ಅದರ ಬೀಜಕಗಳು ಮಣ್ಣಿನಲ್ಲಿ ಜೀರುಂಡೆಯಷ್ಟೇ ಕಾಲ ಕಾಯಬಲ್ಲವು. ಸೋಂಕು ತಗಲಿದ ಜೀರುಂಡೆಯ ಹೊಟ್ಟೆಯ ತುದಿ ಉದುರಿ, ಅಲ್ಲಿ ಸುಣ್ಣದಂಥ ಬಿಳಿ ಉಂಡೆ ಬೆಳೆಯುತ್ತದೆ. ಆದರೂ ಅದು ಹಾರಾಡುತ್ತದೆ, ಸಂಗಾತಿಯನ್ನು ಹುಡುಕುತ್ತದೆ. ಸೋಂಕಿತ ಗಂಡು ಹೆಣ್ಣಿನಂತೆ ರೆಕ್ಕೆ ಚಿಟುಕಿಸಿ ಬೇರೆ ಗಂಡುಗಳನ್ನು ಕರೆದು ರೋಗ ಹರಡುವುದೂ ಕಂಡಿದೆ. ಇಂಥ ಜೀರುಂಡೆಗಳ ಮೈಯಲ್ಲಿ ಕ್ಯಾಥಿನೋನ್ ಎಂಬ ಉತ್ತೇಜಕ ರಾಸಾಯನಿಕವಿರುವುದನ್ನು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಪ್ರಕಟಿಸಿತು. ಹಕ್ಕಿಗೆ ಸಾಧ್ಯವಾಗದ ಕೆಲಸ, ಅಂದರೆ ಹದಿನೇಳು ವರ್ಷ ಕಾಯುವುದು, ಈ ಶಿಲೀಂಧ್ರಕ್ಕೆ ಸಾಧ್ಯವಾಗಿದೆ.

ಕಾಡಿಗೆ ಸಂದ ಋಣ

ಇಷ್ಟು ಕೀಟಗಳು ಒಮ್ಮೆಲೇ ಸತ್ತು ಬಿದ್ದರೆ ಏನಾಗುತ್ತದೆ? ಲೂಯಿ ಯಾಂಗ್ ಎಂಬ ವಿಜ್ಞಾನಿ ಕಾಡಿನ ನೆಲದಲ್ಲಿ ಜೀರುಂಡೆಗಳ ಕಳೇಬರ ಹರಡಿ ನೋಡಿದರು. ಮಣ್ಣಿನ ಸೂಕ್ಷ್ಮಜೀವಿಗಳೂ ಸಾರಜನಕವೂ ಹೆಚ್ಚಾದವು. ಅಲ್ಲಿ ಬೆಳೆದ ಕಾಡುಹೂವಿನ ಗಿಡಗಳ ಬೀಜ ದಪ್ಪವಾದವು. 2004ರಲ್ಲಿ ಪ್ರಕಟವಾದ ಈ ಅಧ್ಯಯನ, ಬೇರಿನಿಂದ ಹದಿನೇಳು ವರ್ಷ ಹೀರಿದ್ದನ್ನು ಜೀರುಂಡೆ ಗೊಬ್ಬರವಾಗಿ ಹಿಂತಿರುಗಿಸುವುದನ್ನು ತೋರಿಸಿತು. ಏಳುವಾಗ ತೋಡಿದ ತೂತುಗಳಿಂದ ನೆಲದೊಳಗೆ ಗಾಳಿ, ನೀರು ಇಳಿಯುತ್ತವೆ.

2021ರಲ್ಲಿ ವಾಷಿಂಗ್ಟನ್ ಸುತ್ತಲಿನ ಕಾಡುಗಳಲ್ಲಿ ನಡೆದ ಇನ್ನೊಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಎಂಬತ್ತಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಜೀರುಂಡೆ ತಿನ್ನುವುದು ಕಂಡಿತು. ಹಕ್ಕಿಗಳು ಅತ್ತ ತಿರುಗಿದ್ದರಿಂದ ಓಕ್ ಮರದ ಕಂಬಳಿಹುಳುಗಳು ಸುಮಾರು ಇಮ್ಮಡಿಯಾದವು, ಎಲೆಗಳಿಗೆ ಹಾನಿಯೂ ಹೆಚ್ಚಿತು. ಮಣ್ಣಿನಿಂದ ಎದ್ದ ಒಂದು ಹುಳು ಮರದ ತುದಿಯ ಎಲೆಯ ಗತಿಯನ್ನು ಬದಲಿಸುತ್ತದೆ. ಕಾಡಿನ ಬದುಕು ಒಂದಕ್ಕೊಂದು ಹೆಣೆದಿರುವುದು ಹೀಗೆ.

ಕೋಟೆ ಕುಸಿದಾಗ

11ನೇ ಬ್ರೂಡ್ ಕನೆಕ್ಟಿಕಟ್ ನದಿ ಕಣಿವೆಯಲ್ಲಿತ್ತು. ಕೊನೆಯದಾಗಿ ಅದು ಕಂಡದ್ದು 1954ರಲ್ಲಿ, ಆಶ್‌ಫರ್ಡ್ ಎಂಬ ಊರಿನಲ್ಲಿ. 1971ರಲ್ಲಿ ಅದು ಬರಬೇಕಿತ್ತು, ಬರಲಿಲ್ಲ. ದಕ್ಷಿಣದ 21ನೇ ಬ್ರೂಡ್ ಕೊನೆಯದಾಗಿ ದಾಖಲಾದದ್ದು 1870ರಲ್ಲಿ. ಒನೊಂಡಾಗ ಜನರ 7ನೇ ಬ್ರೂಡ್ ಈಗ ನ್ಯೂಯಾರ್ಕಿನ ಒಂದು ಸಣ್ಣ ಪ್ರದೇಶಕ್ಕೆ ಕುಗ್ಗಿದೆ; ಮುಂದೆ ಅದು ಏಳಬೇಕಾದದ್ದು 2035ರಲ್ಲಿ.

ಗುಂಪನ್ನೇ ನಂಬಿದ ಜೀವಿ ನಿಧಾನವಾಗಿ ಕ್ಷೀಣಿಸುವುದಿಲ್ಲ. ಹಕ್ಕಿಗಳ ಹೊಟ್ಟೆ ತುಂಬಿಸಲು ಬೇಕಾದ ಸಂಖ್ಯೆಗಿಂತ ಕೆಳಗೆ ಬಂತೆಂದರೆ ಉಳಿದದ್ದೆಲ್ಲ ತಿನ್ನಿಸಿಕೊಳ್ಳುತ್ತದೆ, ಮೊಟ್ಟೆಯಿಡಲು ಯಾವುದೂ ಮಿಗುವುದಿಲ್ಲ. ಇದೇ ನೆಲದಲ್ಲಿ ಆಕಾಶ ಮುಚ್ಚುವಂತೆ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಕೋಟಿಗಟ್ಟಲೆ ಇರುವುದಕ್ಕೆ ಅಳಿವಿಲ್ಲ ಎಂಬ ನಂಬಿಕೆ ಅಲ್ಲಿ ಸುಳ್ಳಾಗಿದೆ.

ಜೀರುಂಡೆಗೆ ಇನ್ನೂ ಒಂದು ಕಷ್ಟವಿದೆ. ಮರಿಗಳು ಮಣ್ಣು ಸೇರಿದ ಮೂರನೆಯ ವರ್ಷ ಮರ ಕಡಿದು ಕಾಂಕ್ರೀಟು ಹಾಕಿದರೆ ಆ ಸಾವು ಯಾರ ಕಣ್ಣಿಗೂ ಬೀಳುವುದಿಲ್ಲ. ಹದಿನಾಲ್ಕು ವರ್ಷ ಕಳೆದ ಮೇಲೆ, ಹಾಡು ಕೇಳಬೇಕಿದ್ದ ಕಡೆ ಕೇಳದಿದ್ದಾಗಲೇ ಗೊತ್ತಾಗುವುದು. ಹವಾಮಾನದ ಏರುಪೇರೂ ಸೇರಿಕೊಂಡಿದೆ. 2017ರಲ್ಲಿ 10ನೇ ಬ್ರೂಡ್‌ನ ಸಾಕಷ್ಟು ಜೀರುಂಡೆಗಳು ನಾಲ್ಕು ವರ್ಷ ಮೊದಲೇ ಎದ್ದುಬಂದವು. ಬೆಳೆಯುವ ಋತು ಉದ್ದವಾದಂತೆ ಹದಿನೇಳರ ಗಡಿಯಾರ ಹದಿಮೂರಕ್ಕೆ ಜಾರಬಹುದೇ ಎಂದು ವಿಜ್ಞಾನಿಗಳು ಕೇಳುತ್ತಿದ್ದಾರೆ. ಚದುರಿ ಬಂದ ಗುಂಪಿಗೆ ಕೋಟೆಯಿಲ್ಲ.

ನ್ಯೂಜೆರ್ಸಿ, ಮೇರಿಲ್ಯಾಂಡ್, ವರ್ಜೀನಿಯಾ, ಒಹಾಯೊ, ಇಲಿನಾಯ್ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರು ಅನೇಕ. ನಿಮ್ಮ ಹಿತ್ತಲಿನ ಹಳೆಯ ಮರದ ಕೆಳಗೆ ಈ ಜೀವಗಳು ಇರಬಹುದು. ಅವು ಬಂದ ವರ್ಷ ಕೀಟನಾಶಕ ಸಿಂಪಡಿಸಬೇಡಿ. ದೊಡ್ಡ ಮರಕ್ಕೆ ಅವುಗಳಿಂದ ಅಪಾಯವಿಲ್ಲ. ಎಳೆಯ ಹಣ್ಣಿನ ಗಿಡಗಳಿಗೆ ಸಣ್ಣ ಕಣ್ಣಿನ ಬಲೆ ಹೊದಿಸಿದರೆ ಸಾಕು. ಸಿನ್ಸಿನಾಟಿಯ ಮೌಂಟ್ ಸೇಂಟ್ ಜೋಸೆಫ್ ವಿಶ್ವವಿದ್ಯಾಲಯದ ಜೀನ್ ಕ್ರಿಟ್ಸ್‌ಕಿ ರೂಪಿಸಿದ 'ಸಿಕಾಡ ಸಫಾರಿ' ಆ್ಯಪ್‌ಗೆ ಒಂದು ಫೋಟೊ ಕಳಿಸಿದರೆ ಅದು ನಕ್ಷೆಯ ಭಾಗವಾಗುತ್ತದೆ.

ಇಲ್ಲಿರುವ ನಮಗೂ ಕೆಲಸವಿದೆ. ನಿಮ್ಮ ಊರಿನ ಜೀರುಂಡೆ ಈ ವರ್ಷ ಯಾವ ದಿನ ಮೊದಲು ಕೂಗಿತು, ಯಾವ ಮರದಲ್ಲಿ, ಮಳೆಗೆ ಮುಂಚೆಯೋ ಆಮೇಲೋ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮಕ್ಕಳಿಂದಲೂ ಬರೆಸಿ. ಮೇರಿಲ್ಯಾಂಡಿನ ಆ ರೈತನ ಬಳಿ ಇದ್ದದ್ದೂ ಕಣ್ಣು, ಕಿವಿ, ಕಾಗದ ಇಷ್ಟೇ. ಹತ್ತು ವರ್ಷ ತಪ್ಪದೆ ಬರೆದರೆ, ನಿಮ್ಮ ಕಾಡು ಹೇಗೆ ಬದಲಾಗುತ್ತಿದೆ ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇರೆ ಸಿಗದು.